ಒಂದು ಚುಕ್ಕೆಗೆ ಇಪ್ಪತ್ತು ಸಾವಿರ ಡಾಲರ್
ತಂತಿ ಸಂದೇಶಕ್ಕೆ ಕಾನೂನು ಕೊಟ್ಟ ರಕ್ಷಣೆ ಮತ್ತು ಒಬ್ಬ ಉಣ್ಣೆ ವರ್ತಕನ ದಾವೆ

1887ರ ಜೂನ್ 16ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಉಣ್ಣೆ ವರ್ತಕ ಫ್ರಾಂಕ್ ಪ್ರಿಮ್‌ರೋಸ್ ಅವರು ಕಾನ್ಸಾಸ್ ರಾಜ್ಯದಲ್ಲಿ ಖರೀದಿಗೆಂದು ತಂಗಿದ್ದ ತಮ್ಮ ಏಜೆಂಟರಿಗೆ ವೆಸ್ಟರ್ನ್ ಯೂನಿಯನ್ ಕಂಪನಿಯ ಮೂಲಕ ಒಂದು ತಂತಿ ಕಳುಹಿಸಿದರು. ಶುಲ್ಕ 1 ಡಾಲರ್ 15 ಸೆಂಟ್. ಸಂದೇಶವು ಅವರಿಬ್ಬರೇ ಬಲ್ಲ ಸಂಕೇತಪದಗಳಲ್ಲಿತ್ತು. ‘ಬೇ’ ಎಂದರೆ ‘ನಾನು ಕೊಂಡಿದ್ದೇನೆ’. ‘ಕ್ವೋ’ ಎಂದರೆ ಐದು ಲಕ್ಷ ಪೌಂಡ್. ಎಲ್ಲ ಬಗೆಯ ಉಣ್ಣೆಯನ್ನು ಐದು ಲಕ್ಷ ಪೌಂಡಿನಷ್ಟು ಕೊಂಡಾಗಿದೆ, ಅದರಲ್ಲಿ ಅರ್ಧದಷ್ಟು ಬಹುಶಃ ಮಾರಾಟವಾಗಿದೆ, ನೀವು ಏನಾದರೂ ಖರೀದಿ ಮಾಡಿದೊಡನೆ ತಿಳಿಸಿ, ಮಾದರಿ ಕಳುಹಿಸಿ ಎಂಬುದು ಅದರ ತಾತ್ಪರ್ಯ.

ಮೋರ್ಸ್ ಲಿಪಿಯಲ್ಲಿ ಇಂಗ್ಲಿಷಿನ ‘ಎ’ ಅಕ್ಷರಕ್ಕೆ ಒಂದು ಚುಕ್ಕೆ, ಒಂದು ಗೆರೆ. ‘ಯು’ ಅಕ್ಷರಕ್ಕೆ ಎರಡು ಚುಕ್ಕೆ, ಒಂದು ಗೆರೆ. ದಾರಿಯಲ್ಲಿ ಎಲ್ಲೋ ಒಂದು ಚುಕ್ಕೆ ಹೆಚ್ಚಾಯಿತು. ‘ಬೇ’ ಎಂಬ ಪದದ ನಡುವಣ ‘ಎ’ ‘ಯು’ ಆಗಿ, ‘ಬೈ’ ಎಂಬ ಪದ ತಲುಪಿತು. ಅದು ಸಂಕೇತವಲ್ಲ, ನೇರವಾದ ಇಂಗ್ಲಿಷ್: ಕೊಳ್ಳಿರಿ! ನಂಬಿಕಸ್ತ ಏಜೆಂಟರು ಯಜಮಾನರ ಅಪ್ಪಣೆಯೆಂದೇ ಬಗೆದು ಸುಮಾರು ಮೂರು ಲಕ್ಷ ಪೌಂಡ್ ಉಣ್ಣೆಯನ್ನು ಕೊಂಡುಬಿಟ್ಟರು. ಅದನ್ನು ವಿಲೇವಾರಿ ಮಾಡುವಷ್ಟರಲ್ಲಿ ಪ್ರಿಮ್‌ರೋಸ್ ಅವರಿಗೆ ಒದಗಿದ ನಷ್ಟ ಇಪ್ಪತ್ತು ಸಾವಿರ ಡಾಲರಿಗೂ ಮಿಗಿಲು. ಅವರು ಕಂಪನಿಯ ಮೇಲೆ ದಾವೆ ಹೂಡಿದರು.

ವರ್ತಕರು ಸಂಕೇತದ ಮೊರೆ ಹೋದದ್ದೇಕೆ?

ಪದಗಳ ಲೆಕ್ಕದಲ್ಲಿ ಶುಲ್ಕ ತೆರಬೇಕಾಗಿದ್ದುದರಿಂದ ಉಳಿತಾಯವೂ ಒಂದು ಕಾರಣವೇ. ಆದರೆ ಗುಟ್ಟು ಕಾಯುವುದು ಅಷ್ಟೇ ಮುಖ್ಯವಾದ ಕಾರಣವಾಗಿತ್ತು. ಅಂಚೆಯ ಲಕೋಟೆಗೆ ಅಂಟು ಇರುತ್ತದೆ, ಅರಗಿನ ಮುದ್ರೆ ಇರುತ್ತದೆ. ಹೊರುವವನು ಅದನ್ನು ಓದಬೇಕಾದ ಅಗತ್ಯವಿಲ್ಲ. ತಂತಿಯಾದರೋ ಕಳುಹಿಸುವ ಗುಮಾಸ್ತನು ಓದದೆ ಹೊರಡುವುದೇ ಇಲ್ಲ. ನಡುವಣ ಕಚೇರಿಯವನು ಓದಿ ಬರೆದುಕೊಳ್ಳುತ್ತಾನೆ, ತಲುಪಿಸುವ ಕಚೇರಿಯವನು ಮತ್ತೊಮ್ಮೆ ಬರೆಯುತ್ತಾನೆ. ನಾಳೆಯ ಧಾರಣೆಯನ್ನು ಇಂದೇ ಅರಿಯಬಲ್ಲವರು ಇಷ್ಟು ಮಂದಿ ಇದ್ದಾಗ ವರ್ತಕನಿಗೆ ನಿದ್ದೆ ಬಂದೀತೆ?

ಈ ಅಂಜಿಕೆ ನಿರಾಧಾರವೇನೂ ಆಗಿರಲಿಲ್ಲ. ವಿದ್ಯುತ್ ತಂತಿ ಬರುವುದಕ್ಕೂ ಮೊದಲು ಫ್ರಾನ್ಸಿನಲ್ಲಿ ಗೋಪುರಗಳ ಮೇಲೆ ಮರದ ತೋಳುಗಳನ್ನು ಆಡಿಸಿ ಸರ್ಕಾರದ ಸಂದೇಶಗಳನ್ನು ಸಾಗಿಸುತ್ತಿದ್ದರು. 1834ರಿಂದ 1836ರವರೆಗೆ ಬೋರ್ಡೋ ನಗರದ ಬ್ಲಾಂಕ್ ಸಹೋದರರು ಟೂರ್ ಎಂಬಲ್ಲಿನ ನೌಕರನಿಗೆ ಲಂಚ ಕೊಟ್ಟು, ಪ್ಯಾರಿಸ್ ಷೇರುಪೇಟೆಯ ಏರಿಳಿತದ ಸೂಚನೆಯನ್ನು ಸರ್ಕಾರಿ ಸಂದೇಶಗಳೊಳಗೆ ತಪ್ಪಕ್ಷರದ ವೇಷದಲ್ಲಿ ತೂರಿಸಿ, ಪೇಟೆಗೆ ಸುದ್ದಿ ಮುಟ್ಟುವ ಮುನ್ನವೇ ವ್ಯವಹಾರ ಕುದುರಿಸುತ್ತಿದ್ದರು. ಸಿಕ್ಕಿಬಿದ್ದು 1837ರಲ್ಲಿ ವಿಚಾರಣೆ ನಡೆದಾಗ, ಇಂಥ ಖಾಸಗಿ ಬಳಕೆಯನ್ನು ನಿಷೇಧಿಸುವ ಕಾನೂನೇ ಇಲ್ಲವೆಂದು ತಿಳಿದುಬಂದಿತು! ಅದೇ ವರ್ಷದ ಮೇ ತಿಂಗಳಿನಲ್ಲಿ ಅಪ್ಪಣೆಯಿಲ್ಲದೆ ಸಂದೇಶ ಸಾಗಿಸುವುದನ್ನು ಅಪರಾಧವೆಂದು ಸಾರುವ ಕಾನೂನನ್ನು ಫ್ರಾನ್ಸ್ ತಂದಿತು.

ಅಮೆರಿಕದಲ್ಲಿ ತಂತಿ ಕಂಪನಿಗಳು ಖಾಸಗಿ ಸಂಸ್ಥೆಗಳು. ಸಂದೇಶದ ಗುಟ್ಟನ್ನು ಹೊರಗೆಡಹುವ ನೌಕರನನ್ನು ದಂಡಿಸುವ ಕಾನೂನುಗಳು ಹಲವು ರಾಜ್ಯಗಳಲ್ಲಿದ್ದವು. ಆದರೆ ಅಧಿಕಾರವೇ ಕೇಳಿದರೆ? 1876ರ ಅಧ್ಯಕ್ಷ ಚುನಾವಣೆಯ ವಿವಾದದ ವೇಳೆ ಕಾಂಗ್ರೆಸ್ಸಿನ ಸಮಿತಿಗಳು ಸಾವಿರಾರು ತಂತಿಗಳನ್ನು ಒಪ್ಪಿಸುವಂತೆ ವೆಸ್ಟರ್ನ್ ಯೂನಿಯನ್‌ಗೆ ಆಜ್ಞಾಪಿಸಿದವು. ಕಂಪನಿ ಮೊದಲು ಹಿಂದೇಟು ಹಾಕಿ, ಕಡೆಗೆ ಒಪ್ಪಿಸಿತು. ಅವುಗಳಲ್ಲಿ ಕೆಲವು ಹೊರಬಿದ್ದು, 1878ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಸಂಕೇತವನ್ನು ಬಿಡಿಸಿ ಪ್ರಕಟಿಸಿತು. ಅದೇ ವರ್ಷ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅಂಟಿಸಿದ ಅಂಚೆ ಪತ್ರವನ್ನು ವಾರಂಟ್ ಇಲ್ಲದೆ ತೆರೆಯುವಂತಿಲ್ಲವೆಂದು ಹೇಳಿತ್ತು. ತಂತಿಗೆ ಲಕೋಟೆಯೇ ಇರಲಿಲ್ಲ. ವರ್ತಕನ ಪಾಲಿಗೆ ಸಂಕೇತವೇ ಲಕೋಟೆ.

ಫಾರಮಿನ ಬೆನ್ನಿನ ಷರತ್ತುಗಳು

ಪ್ರಿಮ್‌ರೋಸ್ ಅವರ ಸಂದೇಶವನ್ನು ಬರೆದ ಫಾರಮಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಷರತ್ತುಗಳು ಅಚ್ಚಾಗಿದ್ದವು. ಅರ್ಧ ಶುಲ್ಕ ಹೆಚ್ಚು ತೆತ್ತರೆ ಸಂದೇಶವನ್ನು ಮೂಲ ಕಚೇರಿಗೆ ಮರಳಿ ಕಳುಹಿಸಿ ತಾಳೆ ನೋಡಲಾಗುವುದು. ತಾಳೆ ನೋಡದ ಸಂದೇಶದಲ್ಲಿ ತಪ್ಪಾದರೆ ಕಂಪನಿಯ ಹೊಣೆ ಕಟ್ಟಿದ ಶುಲ್ಕಕ್ಕಷ್ಟೇ ಸೀಮಿತ. ತಾಳೆ ನೋಡಿದ್ದರೂ ಶುಲ್ಕದ ಐವತ್ತು ಪಟ್ಟು ಮಾತ್ರ. ಅದಕ್ಕೂ ಹೆಚ್ಚು ಬೇಕಾದವರು ಸಾವಿರ ಮೈಲಿಯವರೆಗೆ ಶೇಕಡಾ ಒಂದರಂತೆ, ಅದಕ್ಕೂ ದೂರವಾದರೆ ಶೇಕಡಾ ಎರಡರಂತೆ ವಿಮೆ ತೆರಬೇಕು. ಸಂಕೇತ ಅಥವಾ ಅಸ್ಪಷ್ಟ ಸಂದೇಶಗಳ ತಪ್ಪಿಗೆ ಯಾವ ಹೊಣೆಯೂ ಇಲ್ಲ. ಪ್ರಿಮ್‌ರೋಸ್ ಅವರು ತಾಳೆಯನ್ನೂ ಕೇಳಿರಲಿಲ್ಲ, ವಿಮೆಯನ್ನೂ ತೆತ್ತಿರಲಿಲ್ಲ.

1894ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ತಂತಿ ಕಂಪನಿಯು ಸರಕು ಸಾಗಣೆದಾರನಂತೆ ವಿಮೆದಾರನ ಹೊಣೆ ಹೊತ್ತದ್ದಲ್ಲ; ಷರತ್ತುಗಳು ಯುಕ್ತವಾಗಿವೆ, ಆದ್ದರಿಂದ ಸಿಂಧು ಎಂದಿತು. ಎರಡನೆಯ ಕಾರಣಕ್ಕೆ ಇಂಗ್ಲೆಂಡಿನ 1854ರ ಹ್ಯಾಡ್ಲಿ ಮೊಕದ್ದಮೆಯ ಸೂತ್ರವನ್ನು ಆಧರಿಸಿತು. ಗ್ಲೌಸ್ಟರಿನ ಹಿಟ್ಟಿನ ಗಿರಣಿಯೊಂದರ ಯಂತ್ರದ ಮುರಿದ ದಂಡವನ್ನು ಸಾಗಿಸುವಲ್ಲಿ ತಡವಾಗಿ ಗಿರಣಿ ನಿಂತುಹೋದಾಗ, ಆ ನಷ್ಟದ ಸಂಭವವನ್ನು ಸಾಗಣೆದಾರನು ಕರಾರಿನ ಸಮಯದಲ್ಲಿ ಅರಿತಿರಲಿಲ್ಲವಾದ್ದರಿಂದ ಲಾಭನಷ್ಟವನ್ನು ಅವನಿಂದ ವಸೂಲು ಮಾಡುವಂತಿಲ್ಲವೆಂದು ಅಲ್ಲಿ ನಿರ್ಣಯವಾಗಿತ್ತು. ಪ್ರಿಮ್‌ರೋಸ್ ಅವರ ಸಂದೇಶ ಗುಮಾಸ್ತನಿಗೆ ಅರ್ಥವಿಲ್ಲದ ಪದಗಳ ಸರಮಾಲೆ. ಅದು ಉಣ್ಣೆಗೆ ಸಂಬಂಧಿಸಿದ್ದೋ, ಅದರ ಬೆನ್ನಿಗೆ ಸಾವಿರಾರು ಡಾಲರುಗಳಿವೆಯೋ, ಕಂಪನಿಗೆ ತಿಳಿಯುವ ಬಗೆ ಯಾವುದು?

ಕಾನೂನಿನ ದೃಷ್ಟಿಯಿಂದ ಈ ತರ್ಕವನ್ನು ಅಲ್ಲಗಳೆಯುವುದು ಕಷ್ಟ. ವರ್ತಕನ ಮಟ್ಟಿಗೆ ಅದು ಕಠೋರವೇ ಸರಿ. ಗುಟ್ಟು ಕಾಯಲೆಂದು ತೊಡಿಸಿದ ಮುಸುಕೇ ಪರಿಹಾರಕ್ಕೆ ಅಡ್ಡವಾಯಿತು. ಪ್ರಿಮ್‌ರೋಸ್ ಅವರಿಗೆ ದಕ್ಕಿದ್ದು 1 ಡಾಲರ್ 15 ಸೆಂಟ್.

ಇಂಗ್ಲೆಂಡಿನಲ್ಲಿ ತಂತಿ ಪಡೆದವನ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ಮಂಜುಗಡ್ಡೆಯ ವ್ಯಾಪಾರಿಯೊಬ್ಬರಿಗೆ ಬೆಲೆಯನ್ನು ತಪ್ಪಾಗಿ ತಿಳಿಸಿದ ತಂತಿಯ ಬಗ್ಗೆ 1869ರಲ್ಲಿ ಬಂದ ತೀರ್ಪಿನಂತೆ, ಕರಾರು ಕಳುಹಿಸಿದವನೊಡನೆ ಇದ್ದುದರಿಂದ ಪಡೆದವನು ಕಂಪನಿಯ ಮೇಲೆ ದಾವೆ ಹೂಡುವಂತಿರಲಿಲ್ಲ.

ಭಾರತದಲ್ಲಿ

ಭಾರತದಲ್ಲಿ ತಂತಿ ಸಾರ್ವಜನಿಕರಿಗೆ ತೆರೆದದ್ದು 1854ರಲ್ಲಿ. ಮೊದಲ ಕಾಯ್ದೆಯೂ ಅದೇ ವರ್ಷದ್ದು. ಆ ಬಳಿಕ 1860 ಮತ್ತು 1876ರ ಕಾಯ್ದೆಗಳು, ಅನಂತರ ದೀರ್ಘಕಾಲ ಬಾಳಿದ 1885ರ ಭಾರತೀಯ ತಂತಿ ಕಾಯ್ದೆ ಬಂದವು. ಇದರ 24ನೆಯ ಕಲಮು ಸಂದೇಶದ ಒಳಗುಟ್ಟನ್ನು ಅಕ್ರಮವಾಗಿ ಅರಿಯಲೆತ್ನಿಸುವ ಹೊರಗಿನವನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಿದರೆ, 26ನೆಯ ಕಲಮು ಸಂದೇಶವನ್ನು ತಿದ್ದುವ, ತಡೆಯುವ ಅಥವಾ ಬಯಲುಮಾಡುವ ತಂತಿ ಅಧಿಕಾರಿಗೆ ಮೂರು ವರ್ಷದವರೆಗಿನ ಸೆರೆವಾಸವನ್ನು ಹೇಳಿತು. ಸಾರ್ವಜನಿಕ ತುರ್ತಿನಲ್ಲಿ ಸಂದೇಶವನ್ನು ತಡೆಯುವ ಅಧಿಕಾರವನ್ನು 5ನೆಯ ಕಲಮಿನಲ್ಲಿ ಸರ್ಕಾರ ತನ್ನ ಕೈಯಲ್ಲೇ ಇರಿಸಿಕೊಂಡಿತು.

ನಷ್ಟದ ವಿಚಾರದಲ್ಲಿ 9ನೆಯ ಕಲಮು ಅಮೆರಿಕದ ಫಾರಮಿಗಿಂತ ಬಿಗಿ. ಸಂದೇಶವನ್ನು ಸ್ವೀಕರಿಸುವ, ರವಾನಿಸುವ, ತಲುಪಿಸುವ ಕರ್ತವ್ಯದಲ್ಲಿ ಅಧಿಕಾರಿ ತಪ್ಪಿದರೆ ಸರ್ಕಾರ ಹೊಣೆಯಲ್ಲ. ನಿರ್ಲಕ್ಷ್ಯ, ದ್ವೇಷ ಅಥವಾ ವಂಚನೆಯಿಂದ ಹಾನಿಯಾದರೆ ಮಾತ್ರ ಆ ಅಧಿಕಾರಿ ಹೊಣೆ. ಧಾರಣೆಯ ಒಂದು ಅಂಕಿ ತಪ್ಪಿ ನಷ್ಟ ಹೊಂದಿದ ವರ್ತಕನಿಗೆ ಉಳಿದ ದಾರಿ ಒಬ್ಬ ಗುಮಾಸ್ತನ ಮೇಲೆ ದಾವೆ. ಅವನಿಂದ ವಸೂಲಾಗುವುದೆಷ್ಟು ಎಂಬುದು ಬೇರೆ ಮಾತು. ಹಳೆಯ ಪೇಢಿಗಳ ಕಾಗದದ ತಲೆಬರಹದಲ್ಲಿ ತಂತಿ ವಿಳಾಸದ ಕೆಳಗೆ ‘ಎ.ಬಿ.ಸಿ. ಕೋಡ್’, ‘ಬೆಂಟ್ಲಿ ಕೋಡ್’ ಎಂದು ಅಚ್ಚಾಗಿರುವುದನ್ನು ಕಂಡವರು ಆ ಕಾಲದ ಎಚ್ಚರಿಕೆಯನ್ನು ಊಹಿಸಬಹುದು.

ಭಾರತದ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. 1885ರ ಕಾಯ್ದೆಯ ಸ್ಥಾನಕ್ಕೆಂದು ಸಂಸತ್ತು ಅಂಗೀಕರಿಸಿದ 2023ರ ದೂರಸಂಪರ್ಕ ಅಧಿನಿಯಮದ ಕಲಮುಗಳು 2024ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ಬಂದವು. ಪ್ರಿಮ್‌ರೋಸ್ ಅವರನ್ನು ಸೋಲಿಸಿದ ಹ್ಯಾಡ್ಲಿ ಸೂತ್ರ ಮಾತ್ರ 1872ರ ಭಾರತೀಯ ಕರಾರು ಕಾಯ್ದೆಯ 73ನೆಯ ಕಲಮಿನಲ್ಲಿ ಹಾಗೆಯೇ ಇದೆ: ವಾಡಿಕೆಯಲ್ಲಿ ಸಹಜವಾಗಿ ಒದಗುವ ನಷ್ಟಕ್ಕೆ, ಅಥವಾ ಕರಾರಿನ ಸಮಯದಲ್ಲಿ ಉಭಯ ಪಕ್ಷಗಳಿಗೂ ತಿಳಿದಿದ್ದ ಸಂಭವನೀಯ ನಷ್ಟಕ್ಕೆ ಮಾತ್ರ ಪರಿಹಾರ. ತುರ್ತು ಬಿಡಿಭಾಗವನ್ನು ಪಾರ್ಸೆಲ್ ಕಚೇರಿಗೆ ಒಪ್ಪಿಸಿ, ಅದಿಲ್ಲದೆ ಕಾರ್ಖಾನೆ ನಿಂತಿದೆ ಎಂಬ ಮಾತನ್ನು ರಸೀದಿಯಲ್ಲಿ ಬರೆಸದ ಸಣ್ಣ ಉದ್ದಿಮೆದಾರನಿಗೂ ಇದೇ ಕಲಮು ಅನ್ವಯಿಸುತ್ತದೆ.