ಡೈವರ್ಸಿಫೈ ಅಂದರೆ ಬೆಳೆ ಬದಲಿಸುವುದೇ?

ಪ್ರಶ್ನೆ: ಕೃಷಿ ಅಧಿಕಾರಿಗಳು ‘ಡೈವರ್ಸಿಫೈ ಮಾಡಿ’ ಎನ್ನುತ್ತಾರೆ. ಭತ್ತ ಬಿಟ್ಟು ಹತ್ತಿ ಹಾಕಿದರೆ ಆಯಿತೇ?

ಉತ್ತರ: ಆಗದು. ಭತ್ತವನ್ನು ಪೂರ್ತಿ ಬಿಟ್ಟು ಇಡೀ ಹೊಲಕ್ಕೆ ಹತ್ತಿ ಹಾಕಿದರೆ ಬೆಳೆ ಬದಲಾಯಿತು, ನಷ್ಟದ ಭಯ ಹಾಗೇ ಉಳಿಯಿತು. ಹೊಲವನ್ನೋ ಹಣವನ್ನೋ ದುಡಿಮೆಯನ್ನೋ ಒಂದರ ಮೇಲೊಂದು ಆತುಕೊಳ್ಳದ ಹಲವು ದಾರಿಗಳಿಗೆ ಹಂಚುವುದೇ ಡೈವರ್ಸಿಫೈ ಮಾಡುವುದು.

ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಸುತ್ತ ನೋಡಿದರೆ ಇದು ಸ್ಪಷ್ಟ. ತುಂಗಭದ್ರಾ ಯೋಜನೆ ರೂಪುಗೊಂಡಾಗ ಅಚ್ಚುಕಟ್ಟಿನ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಮಾಡಲಾಗಿತ್ತು. ಕಾಲುವೆ ಬಂದ ಮೇಲೆ ಭತ್ತ ಹಬ್ಬಿತು. ಕೊನೆಯಂಚಿನ ರೈತರಿಗೆ ನೀರು ಸಾಲದಾಯಿತು, ಹಲವೆಡೆ ಮಣ್ಣು ಸವುಳಾಯಿತು. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಭತ್ತವನ್ನೇ ನಂಬಿದ್ದ ಊರುಗಳೆಲ್ಲ ಒಟ್ಟಿಗೇ ಕಂಗಾಲಾದವು.

ಹಲವು ದಾರಿಗಳಿಗೆ ಹಂಚಿಕೊಳ್ಳುವುದು ಇಲ್ಲಿಗೆ ಹೊಸತೂ ಅಲ್ಲ. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963–64ರಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನವಸತಿ ಬೆಳಕಿಗೆ ಬಂತು. ಆ ಕಾಲದ ಬಳ್ಳಾರಿ ಸೀಮೆಯ ಜನ ದನ ಸಾಕುತ್ತಲೇ ಹುರುಳಿ, ಹೆಸರು, ಕಿರುಧಾನ್ಯ ಬೆಳೆಯುತ್ತಿದ್ದರು.

ಭತ್ತವನ್ನು ಕೈಬಿಡಬೇಕಿಲ್ಲ. ಒಂದಷ್ಟು ಜಮೀನಿಗೆ ಜೋಳ, ಕಡಲೆ, ತೊಗರಿ ಹಾಕಿ, ಮನೆಯಲ್ಲಿ ನಾಲ್ಕು ಕುರಿಯನ್ನೋ ಎಮ್ಮೆಯನ್ನೋ ಕಟ್ಟಿನೋಡಿ.