ಪರೇಲಿನ ತಟ್ಟೆಯಲ್ಲಿ ಎಲೆ, ಅಡಿಕೆ, ಅರಿಶಿನ

ನವಿ ಮುಂಬಯಿಯ ತುರ್ಭೆ ಕೈಗಾರಿಕಾ ವಲಯದ ಲ್ಯಾಬೊಂದರಲ್ಲಿ, ಧಾರವಾಡ ಕಡೆಯ ವಿಷಶಾಸ್ತ್ರ ಸಂಶೋಧಕಿಯೊಬ್ಬರು ಎರಡು ತಟ್ಟೆಗಳನ್ನು ಬೆಳಕಿಗೆ ಹಿಡಿದು, “ಯಾವುದರಾಗ ವಿಷ ಐತಿ, ನೀವ ಹೇಳ್ರಿ ನೋಡೋಣು” ಅಂದರು. ಒಂದರಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು, ಅಲ್ಲೊಂದು ಇಲ್ಲೊಂದು. ಇನ್ನೊಂದರಲ್ಲಿ ಒತ್ತೊತ್ತಾಗಿ ನೂರಾರು. ತಟ್ಟೆಯನ್ನು ಮಗುಚಿ, ತಳದ ಮೇಲೆ ಮಾರ್ಕರ್ ಪೆನ್ನಿನಿಂದ ಚುಕ್ಕೆಗೊಂದು ಗುರುತು ಹಾಕುತ್ತ ಎಣಿಸತೊಡಗಿದರು. ಎಣಿಸುವ ಯಂತ್ರ ಪಕ್ಕದಲ್ಲೇ ಇತ್ತು. ಅವರಿಗೆ ತಮ್ಮ ಕಣ್ಣಿನ ಮೇಲೇ ಹೆಚ್ಚು ಭರವಸೆ.

ಡಿಎನ್‌ಎಗೆ ಬೀಳುವ ಪೆಟ್ಟು ಕ್ಯಾನ್ಸರಿಗೆ ದಾರಿ ಮಾಡಬಲ್ಲದು ಎಂಬುದು ಈಗ ಎಲ್ಲರೂ ಕೇಳಿರುವ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪೆಟ್ಟನ್ನು ಪತ್ತೆ ಹಚ್ಚುವ ಜಾಣತನ. ಇಲ್ಲಿ ಬಳಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ತಯಾರಿಸುವ ಜೀನ್ ಮೊದಲೇ ಕೆಟ್ಟಿರುತ್ತದೆ. ಹಿಸ್ಟಿಡಿನ್ ಹೆಚ್ಚುಕಡಿಮೆ ಇಲ್ಲದ ತಟ್ಟೆಯಲ್ಲಿ ಅದು ಬೆಳೆಯಲಾರದು. ಪರೀಕ್ಷೆಗಿಟ್ಟ ರಾಸಾಯನಿಕ ಡಿಎನ್‌ಎಯನ್ನು ಅಲ್ಲಿಲ್ಲಿ ಕೆಣಕಿದಾಗ, ಕೋಟಿಗಟ್ಟಲೆ ಜೀವಾಣುಗಳಲ್ಲಿ ಕೆಲವಕ್ಕೆ ಕೆಟ್ಟ ಜೀನ್ ಮತ್ತೆ ಸರಿಹೋಗಿಬಿಡುತ್ತದೆ. ಹಾಗೆ ಸರಿಹೋದವು 37 ಡಿಗ್ರಿಯಲ್ಲಿ 48 ಗಂಟೆ ಬೆಳೆದು ಚುಕ್ಕೆಗಳಾಗುತ್ತವೆ. ಏನೂ ಬೆರೆಸದ ತಟ್ಟೆಯಲ್ಲೂ ಒಂದಿಷ್ಟು ಚುಕ್ಕೆ ತಾವಾಗಿಯೇ ಮೂಡುತ್ತವೆ. ಅದರ ಎರಡು ಪಟ್ಟು ದಾಟಿದರೆ, ಪ್ರಮಾಣ ಏರಿಸಿದಂತೆ ಚುಕ್ಕೆಯೂ ಏರಿದರೆ, ಅನುಮಾನ ಗಟ್ಟಿಯಾಗುತ್ತದೆ. ಜೊತೆಗೆ ಇಲಿಯ ಯಕೃತ್ತಿನ ಸಾರವನ್ನೂ ಬೆರೆಸಿ ನೋಡುತ್ತಾರೆ. ಎಷ್ಟೋ ವಸ್ತುಗಳು ಯಕೃತ್ತಿನ ಕಿಣ್ವಗಳ ಕೈಗೆ ಸಿಕ್ಕ ಮೇಲೆಯೇ ಅಪಾಯಕಾರಿಯಾಗುವುದು.

ಬರ್ಕಲಿಯ ಬ್ರೂಸ್ ಏಮ್ಸ್ ರೂಪಿಸಿ 1970ರ ದಶಕದಲ್ಲಿ ಲೋಕಕ್ಕೆ ಪರಿಚಯಿಸಿದ ಪರೀಕ್ಷೆ ಇದು. ತಮ್ಮ ಬ್ಯಾಕ್ಟೀರಿಯಾ ತಳಿಗಳನ್ನು ಅವರು ಕೇಳಿದ ಲ್ಯಾಬುಗಳಿಗೆಲ್ಲ ಬಿಟ್ಟಿಯಾಗಿ ಕಳಿಸಿದರು. ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪಿಗೆ ಬೆಂಕಿ ಹತ್ತದಿರಲೆಂದು ಹಚ್ಚುತ್ತಿದ್ದ ಟ್ರಿಸ್ ಎಂಬ ರಾಸಾಯನಿಕ 1977ರಲ್ಲಿ ನಿಷೇಧವಾದದ್ದರ ಹಿಂದೆ ಇಂಥ ತಟ್ಟೆಗಳ ಸಾಕ್ಷ್ಯವೂ ಇತ್ತು.

ತುರ್ಭೆಯಲ್ಲಿ ಪರೀಕ್ಷೆಗೆ ಬರುವುದು ಔಷಧಿ, ಬಣ್ಣ, ಕೀಟನಾಶಕ. ಮುಂಬಯಿಯ ಪರೇಲಿನಲ್ಲಿ ತಟ್ಟೆಗೆ ಬಿದ್ದದ್ದು ನಮ್ಮ ಬಾಯೊಳಗಿನ ಪದಾರ್ಥ. ವಿ. ಆರ್. ಖಾನೋಲ್ಕರ್ 1952ರಲ್ಲಿ ಅಲ್ಲಿ ಕಟ್ಟಿದ ಕ್ಯಾನ್ಸರ್ ಸಂಶೋಧನಾ ಕೇಂದ್ರ ಮುಂದೆ ಟಾಟಾ ಮೆಮೋರಿಯಲ್‌ನ ಭಾಗವಾಯಿತು, ಇಂದು ಖಾರ್ಘರ್‌ನಲ್ಲಿದೆ. 1980ರ ದಶಕದಲ್ಲಿ ಸುಮತಿ ಭಿಡೆ ಮತ್ತು ಸಂಗಡಿಗರು ಪರೇಲಿನ ಆ ಕೇಂದ್ರದಲ್ಲಿ ಎಲೆಯಡಿಕೆಯನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು. ಅಡಿಕೆಯ ಸಾರ ಚುಕ್ಕೆ ಹೆಚ್ಚಿಸಿತು, ಅಡಿಕೆಯೊಳಗಿನ ಅರೆಕೋಲಿನ್ ಕೂಡ. ವೀಳ್ಯದೆಲೆ ಹೆಚ್ಚಿಸಲಿಲ್ಲ.

ಎಲೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ, ನನಗಂತೂ ಇದರಷ್ಟು ಇಷ್ಟವಾದ ಭಾಗ ಬೇರೆ ಇಲ್ಲ. ಎಲೆಯಲ್ಲಿರುವ ಹೈಡ್ರಾಕ್ಸಿಚಾವಿಕಾಲ್ ಎಂಬ ಅಂಶ ಬೇರೆ ವಿಷದಿಂದ ಡಿಎನ್‌ಎಯಲ್ಲಿ ಆಗುವ ರೂಪಾಂತರವನ್ನು ತಗ್ಗಿಸುತ್ತದೆ ಎಂದು ಇದೇ ತಂಡ 1986ರಲ್ಲಿ ಪ್ರಕಟಿಸಿತು. ಒಂದೇ ಕವಳದಲ್ಲಿ ಕೆಡುಕೂ ಇದೆ, ಕೆಡುಕನ್ನು ತಡೆಯುವ ಗುಣವೂ ಇದೆ! ಅದೇ ವರ್ಷ ಎಂ. ನಾಗಭೂಷಣ ಮತ್ತು ಭಿಡೆ ಮೆಣಸಿನಕಾಯಿಯನ್ನೂ ಅರಿಶಿನವನ್ನೂ ಎದುರುಬದುರು ನಿಲ್ಲಿಸಿದರು. ಖಾರದ ಕ್ಯಾಪ್ಸೈಸಿನ್ ರೂಪಾಂತರಕಾರಿ ಎಂದು ಕಂಡಿತು, ಅರಿಶಿನದ ಕರ್ಕ್ಯುಮಿನ್ ಅದನ್ನು ತಡೆಯಿತು. ಮರುವರ್ಷ ಬೀಡಿ ಹೊಗೆ, ಸಿಗರೇಟು ಹೊಗೆ, ಹುರಿದ ಹೊಗೆಸೊಪ್ಪಿನ ಮಶೇರಿ, ಇವುಗಳ ಸಾರಕ್ಕೂ ಕರ್ಕ್ಯುಮಿನ್ ಅಡ್ಡ ನಿಂತಿತು. ಯಕೃತ್ತಿನ ನೆರವಿಲ್ಲದೆ ನೇರವಾಗಿ ಪೆಟ್ಟು ಕೊಡುವ ಸೋಡಿಯಂ ಅಜೈಡಿನಂಥವುಗಳ ಮುಂದೆ ಮಾತ್ರ ಅದರ ಆಟ ನಡೆಯಲಿಲ್ಲ. ಅಂದರೆ ಅರಿಶಿನ ತಡೆಯುವುದು ಬಹುಶಃ ವಿಷ ಸಿದ್ಧವಾಗುವ ಹಂತದಲ್ಲಿ.

ಇಷ್ಟು ಓದಿ ಅರಿಶಿನದ ಮಾತ್ರೆ ಕೊಳ್ಳಲು ಹೊರಡಬೇಡಿ. ಬ್ಯಾಕ್ಟೀರಿಯಾ ಮನುಷ್ಯನಲ್ಲ, ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೂ ತೀರಾ ಕಡಿಮೆ. ಕ್ಯಾಪ್ಸೈಸಿನ್ ವಿಷಯದಲ್ಲೂ ಬೇರೆ ಲ್ಯಾಬುಗಳಿಂದ ಬೇರೆ ಫಲಿತಾಂಶ ಬಂದಿದೆ. ಅಡಿಕೆಯ ಮೇಲಿನ ಆರೋಪ ಹಾಗೆ ಅಲುಗಾಡುವಂಥದ್ದಲ್ಲ. ಪ್ರಾಣಿಗಳ ಮೇಲಿನ ಪ್ರಯೋಗ, ರೋಗಿಗಳ ಅಧ್ಯಯನ ಎಲ್ಲವನ್ನೂ ತೂಗಿ, ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿತು. ಅಡಿಕೆ ತೋಟದ ಊರಿನಲ್ಲಿ ಬೆಳೆದ ನನಗೆ ಇದು ಹಿತವಾದ ಸುದ್ದಿಯಲ್ಲ. ಆದರೆ ಎಲೆಯ ಹೊಗಳಿಕೆಯನ್ನು ಒಪ್ಪಿ ಅಡಿಕೆಯ ದೂರನ್ನು ಪಿತೂರಿ ಎನ್ನುವುದು ನ್ಯಾಯವಲ್ಲ. ಎರಡೂ ಒಂದೇ ಲ್ಯಾಬಿನಿಂದ ಬಂದ ಮಾತು.

ಜಗಿಯುವವರಿಗೆ ಬಿಡುವ ಆಯ್ಕೆಯಾದರೂ ಇದೆ, ಹೊಗೆಸೊಪ್ಪಿನಲ್ಲೇ ದುಡಿಯುವವರಿಗೆ ಅದೂ ಇಲ್ಲ. ಪರೇಲಿನ ಅದೇ ಕೇಂದ್ರದ ರಜನಿ ಭಿಸೆ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಪರೀಕ್ಷಿಸಿದ್ದು ಬೀಡಿ ಉದ್ಯಮದ ಕೆಲಸಗಾರರನ್ನು. ಹೊಗೆಸೊಪ್ಪು ಹದಮಾಡುವವರ ಮೂತ್ರದಲ್ಲಿ ರೂಪಾಂತರಕಾರಿ ಗುಣ ಹೆಚ್ಚಿತ್ತು, ರಕ್ತಕಣಗಳ ವರ್ಣತಂತುಗಳಲ್ಲೂ ಹೆಚ್ಚಿನ ಹಾನಿ ಕಂಡಿತು. ಸೊಪ್ಪಿನ ಧೂಳು ಉಸಿರಿನಿಂದಲೂ ಚರ್ಮದಿಂದಲೂ ಮೈಗೆ ಸೇರುತ್ತದೆ. ನಿಪ್ಪಾಣಿಯಲ್ಲಿ, ದಕ್ಷಿಣ ಕನ್ನಡದ ಮನೆ ಮನೆಯ ಜಗಲಿಯಲ್ಲಿ ಹೆಂಗಸರು ಮಾಡುವುದು ಇದೇ ಸೊಪ್ಪಿನ ಕೆಲಸ. ಅವರಿಗೆ ಮುಖಗವಸು, ಕೈಗವಸು, ಗಾಳಿಯಾಡುವ ಜಾಗ ಕೊಡಿಸಲು ಇನ್ನೊಂದು ಸಂಶೋಧನೆಗೆ ಕಾಯಬೇಕಿಲ್ಲ. ಖರ್ಚು ಹೊರಬೇಕಾದವರು ಬೀಡಿ ಕಂಪನಿಗಳು, ಹೊರುವಂತೆ ಮಾಡಬೇಕಾದದ್ದು ಕಾರ್ಮಿಕ ಇಲಾಖೆ.