‘ಸ್ಟಾರ್ ಟ್ರೆಕ್’ ವಾದಕ್ಕೆ ಗದಗದ ಅಳತೆಗೋಲು

1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ಸ್ಟಾರ್ ಟ್ರೆಕ್’ ಎಂಬ ವಿಜ್ಞಾನ ಕಥಾ ಧಾರಾವಾಹಿ ಪ್ರಾರಂಭವಾಯಿತು. ‘ಎಂಟರ್‌ಪ್ರೈಸ್’ ಎಂಬ ನೌಕೆಯಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುವ ತಂಡವೊಂದರ ಕಥೆ ಅದು. ನೋಡುಗರು ಕಡಿಮೆ ಎಂಬ ಕಾರಣಕ್ಕೆ ಎರಡನೆಯ ವರ್ಷದಲ್ಲೇ ಅದು ನಿಲ್ಲುವ ಸುದ್ದಿ ಹಬ್ಬಿತು. ಆಗ ಅಭಿಮಾನಿಗಳು ವಾಹಿನಿಗೆ ರಾಶಿ ರಾಶಿ ಪತ್ರ ಬರೆದರು. ಧಾರಾವಾಹಿ ಮೂರನೆಯ ವರ್ಷಕ್ಕೆ ಮುಂದುವರಿಯಿತು. 79 ಕಂತುಗಳ ಬಳಿಕ 1969ರಲ್ಲಿ ನಿಂತಿತು. ಆದರೆ ಮರುಪ್ರಸಾರದಲ್ಲಿ ಅದರ ಜನಪ್ರಿಯತೆ ಇನ್ನೂ ಹೆಚ್ಚಿತು. 1976ರಲ್ಲಿ ಅಭಿಮಾನಿಗಳ ಪತ್ರಗಳ ಫಲವಾಗಿಯೇ ಅಮೆರಿಕದ ಮೊದಲ ಬಾಹ್ಯಾಕಾಶ ಷಟ್ಲ್‌ಗೆ ‘ಎಂಟರ್‌ಪ್ರೈಸ್’ ಎಂದು ಹೆಸರಾಯಿತು. ಪರೀಕ್ಷೆಗೆಂದೇ ಕಟ್ಟಿದ ಆ ಷಟ್ಲ್ ಮಾತ್ರ ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ! 1987, 1993, 1995 ಮತ್ತು 2001ರಲ್ಲಿ ಹೊಸ ಹೊಸ ಸರಣಿಗಳು ಬಂದವು. 2017ರ ನಂತರ ಮತ್ತೆ ಕೆಲವು. ನಮ್ಮ ದೂರದರ್ಶನವೂ 1980ರ ದಶಕದಲ್ಲಿ ಮೂಲ ಸರಣಿಯನ್ನು ತೋರಿಸಿತ್ತು.

ಒಂದು ಕಥೆ ಇಷ್ಟು ದೀರ್ಘಕಾಲ ಜನರನ್ನು ಹಿಡಿದಿಡಲು ಕಾರಣವೇನು? ಅಭಿಮಾನಿಗಳಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಅವರ ವಾದ ವಿಜ್ಞಾನದ ಪಾಠಕ್ಕೆ ಒಳ್ಳೆಯ ಸಾಮಗ್ರಿ ಒದಗಿಸುತ್ತದೆ.

ಮೂರು ಪಕ್ಷಗಳು

ಮೊದಲ ಪಕ್ಷದ ಪ್ರಕಾರ ಆಕರ್ಷಣೆ ಇರುವುದು ಪಾತ್ರಗಳಲ್ಲಿ. ಭಾವನೆಯನ್ನು ಹತ್ತಿಕ್ಕಿ ತರ್ಕವನ್ನೇ ನೆಚ್ಚುವ ಸ್ಪಾಕ್, ಮರುಕವೇ ಮುಂದಾಗುವ ವೈದ್ಯ ಮೆಕಾಯ್, ಇಬ್ಬರ ಮಾತನ್ನೂ ಕೇಳಿ ನಿರ್ಧಾರ ಮಾಡಬೇಕಾದ ಕ್ಯಾಪ್ಟನ್ ಕರ್ಕ್. ಈ ಮೂವರ ನಡುವಿನ ಜಗ್ಗಾಟವೇ ಕಥೆಯ ಜೀವಾಳ. ನೌಕೆ ಬರೀ ನೆಪ.

ಎರಡನೆಯ ಪಕ್ಷ ಅದರಲ್ಲಿ ಚಿತ್ರಿತವಾದ ಸಮಾಜವನ್ನು ಎತ್ತಿ ತೋರಿಸುತ್ತದೆ. ಅಮೆರಿಕದಲ್ಲಿ ಕರಿಯರ ಸಮಾನ ಹಕ್ಕಿಗಾಗಿ ಹೋರಾಟ ನಡೆದಿದ್ದ ದಿನಗಳಲ್ಲಿ ಆಫ್ರಿಕಾ ಮೂಲದ ಮಹಿಳೆ ಉಹುರಾ, ಏಷ್ಯಾ ಮೂಲದ ಸುಲು ಅಧಿಕಾರಿಗಳಾಗಿ ನೌಕೆ ನಡೆಸುತ್ತಿದ್ದರು. ಶೀತಲ ಸಮರದ ಕಾವಿನಲ್ಲೇ ರಷ್ಯದ ಚೆಕೋವ್ ಅವರ ಜೊತೆಗೂಡಿದ. ಉಹುರಾಳನ್ನು ನೋಡುತ್ತ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆಯಾದರು.

ಮೂರನೆಯ ಪಕ್ಷಕ್ಕೆ ಮುಖ್ಯವಾದದ್ದು ಯಂತ್ರಗಳು. ಬೆಳಕನ್ನು ಹಿಂದೆ ಹಾಕುವ ‘ವಾರ್ಪ್’ ಚಾಲನೆ, ಮನುಷ್ಯನನ್ನು ಒಂದೆಡೆ ಕರಗಿಸಿ ಇನ್ನೊಂದೆಡೆ ಮೂಡಿಸುವ ‘ಟ್ರಾನ್ಸ್‌ಪೋರ್ಟರ್’, ಅಂಗೈಯಗಲದ ಸಂಪರ್ಕ ಸಾಧನ. ಇವೆಲ್ಲ ಸಾಧ್ಯವೇ ಎಂದು ಇವರು ಲೆಕ್ಕ ಹಾಕುತ್ತಾರೆ.

ಮೂರೂ ಪಕ್ಷಗಳಲ್ಲಿ ಸತ್ಯಾಂಶವಿದೆ. ಆದರೆ ಈ ಮೂವರನ್ನೂ ವಾದಕ್ಕೆ ಎಳೆದದ್ದು ಇನ್ನೊಂದು ಗುಣ: ಕಥೆ ತನಗೆ ತಾನೇ ಕೆಲವು ನಿಯಮಗಳನ್ನು ವಿಧಿಸಿಕೊಂಡಿದೆ. ನಿಯಮವಿದ್ದಲ್ಲಿ ಮಾತ್ರ ‘ಇದು ಸರಿ, ಇದು ತಪ್ಪು’ ಎಂದು ವಾದಿಸಬಹುದು. ಏನು ಬೇಕಾದರೂ ಆಗಬಹುದಾದ ಮಾಯಾಲೋಕದಲ್ಲಿ ಲೆಕ್ಕಕ್ಕೆ ಕೆಲಸವಿಲ್ಲ. ಈ ನಿಯಮಗಳ ಅಗತ್ಯವೇನೆಂದು ತಿಳಿಯಲು ನಕ್ಷತ್ರಗಳ ದೂರವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಗದಗದಿಂದ ಲಕ್ಷ್ಮೇಶ್ವರಕ್ಕೆ

ಗದಗ-ಬೆಟಗೇರಿಯ ಶಾಲೆಯೊಂದರ ಮೇಜಿನ ಮೇಲೆ ಒಂದು ಸಾಸಿವೆ ಕಾಳು ಇಡಿ. ಸುಮಾರು 1.4 ಮಿ.ಮೀ. ಅಗಲದ ಆ ಕಾಳೇ ಸೂರ್ಯ ಎನ್ನೋಣ. ಆಗ ಭೂಮಿ ಅದರಿಂದ 15 ಸೆಂ.ಮೀ. ದೂರದಲ್ಲಿರಬೇಕು. ಮಕ್ಕಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಯಷ್ಟು ಉದ್ದ. ಭೂಮಿಯ ಗಾತ್ರವಾದರೋ ಮಿಲಿಮೀಟರಿನ 80ರಲ್ಲಿ ಒಂದು ಪಾಲು. ಕಣ್ಣಿಗೆ ಕಾಣದ ಧೂಳು. ಚಂದ್ರ ಆ ಧೂಳಿನಿಂದ 0.4 ಮಿ.ಮೀ.ಗೂ ತುಸು ಕಡಿಮೆ ದೂರದಲ್ಲಿದೆ. ನೆಪ್ಚೂನ್ ನಾಲ್ಕೂವರೆ ಮೀಟರ್ ದೂರದಲ್ಲಿ, ಅಂದರೆ ತರಗತಿಯ ಗೋಡೆಯ ಬಳಿ. ಇಡೀ ಗ್ರಹಮಂಡಲ ಒಂದು ಕೋಣೆಯಲ್ಲೇ ಹಿಡಿಯಿತು!

ಇನ್ನು ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ದೂರ 4.24 ಜ್ಯೋತಿರ್ವರ್ಷ, ಅಂದರೆ ಭೂಮಿ-ಸೂರ್ಯರ ನಡುವಣ ದೂರದ ಸುಮಾರು 2 ಲಕ್ಷ 68 ಸಾವಿರ ಪಟ್ಟು. ಇದನ್ನು 15 ಸೆಂ.ಮೀ.ನಿಂದ ಗುಣಿಸಿದರೆ 40 ಕಿ.ಮೀ. ಬರುತ್ತದೆ. ಶಾಲೆಯಿಂದ ಹೊರಟು ಬಸ್ಸಿನಲ್ಲಿ ಶಿರಹಟ್ಟಿ ತಲುಪಿದರೂ ನಕ್ಷತ್ರ ಸಿಗದು, ಲಕ್ಷ್ಮೇಶ್ವರಕ್ಕೇ ಹೋಗಬೇಕು. ಅಲ್ಲಿ ಸಿಗುವುದು ನುಣ್ಣನೆಯ ಮರಳಿನ ಒಂದು ಕಣ. ಅದರ ಜೊತೆಗಾರರಾದ ಆಲ್ಫಾ ಸೆಂಟಾರಿ ಜೋಡಿ ನಕ್ಷತ್ರಗಳು ಇನ್ನೂ ಒಂದು ಕಿಲೋಮೀಟರಿಗಿಂತ ತುಸು ಆಚೆ ಇರುವ ಎರಡು ಸಾಸಿವೆ ಕಾಳುಗಳು. ಮುಂಡರಗಿಯ ದಿಕ್ಕಿನಲ್ಲಿ ಹೊರಟರೂ ಅಷ್ಟೇ ದೂರದವರೆಗೆ ಬರಿದೇ ಬರಿದು. ಅನಂತರದ ನೆರೆಯ ಬರ್ನಾರ್ಡ್ ನಕ್ಷತ್ರಕ್ಕೆ 56 ಕಿ.ಮೀ., ಹೆಚ್ಚುಕಡಿಮೆ ಹುಬ್ಬಳ್ಳಿಯಷ್ಟು ದೂರ.

ಈ ನಕಾಶೆಯಲ್ಲಿ ನಮ್ಮ ನಿಜವಾದ ನೌಕೆಗಳ ವೇಗ ಎಷ್ಟು? 1977ರಲ್ಲಿ ಹಾರಿಸಿದ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗಿದೆ. ನಮ್ಮ ಅಳತೆಯಲ್ಲಿ ಅದು ವರ್ಷಕ್ಕೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಸುಮಾರು ಅರ್ಧ ಶತಮಾನದ ಪಯಣದ ನಂತರ ಅದು ತಲುಪಿರುವುದು 25 ಮೀಟರ್ ಆಚೆಗೆ. ಶಾಲೆಯ ಅಂಗಳವನ್ನೂ ದಾಟಿಲ್ಲ. ಇದೇ ವೇಗದಲ್ಲಿ ಲಕ್ಷ್ಮೇಶ್ವರದಷ್ಟು ದೂರ ಕ್ರಮಿಸಲು ಸುಮಾರು 75,000 ವರ್ಷ ಬೇಕು.

ವಾರಕ್ಕೊಂದು ಹೊಸ ಗ್ರಹ ತೋರಿಸಬೇಕಾದ ಕಥೆಗಾರನಿಗೆ ಇದೇ ಮೊದಲ ಅಡ್ಡಿ. ವಾರ್ಪ್ ಹುಟ್ಟಿದ್ದು ಇದನ್ನು ದಾಟಲಿಕ್ಕೆ.

ಕಲ್ಪನೆಗೂ ಒಂದು ಲೆಕ್ಕ

ಮೂಲ ಸರಣಿಯ ಲೇಖಕರಿಗೆಂದು ಸಿದ್ಧಪಡಿಸಿದ ಕೈಪಿಡಿಯ ಪ್ರಕಾರ ವಾರ್ಪ್ ಸಂಖ್ಯೆಯ ಘನವೇ ಬೆಳಕಿನ ಎಷ್ಟು ಪಟ್ಟು ವೇಗ ಎಂಬುದನ್ನು ತಿಳಿಸುತ್ತದೆ. ವಾರ್ಪ್ 2 ಎಂದರೆ 8 ಪಟ್ಟು. ವಾರ್ಪ್ 6 ಎಂದರೆ 216 ಪಟ್ಟು. ವಾರ್ಪ್ 6ರಲ್ಲಿ ಪ್ರಾಕ್ಸಿಮಾ ತಲುಪಲು 4.24 ವರ್ಷವನ್ನು 216ರಿಂದ ಭಾಗಿಸಿ: ಸುಮಾರು ಏಳು ದಿನ! ಕಥೆಗೆ ಹೊಂದುವ ಅವಧಿ.

1995ರಲ್ಲಿ ಆರಂಭವಾದ ‘ವಾಯೇಜರ್’ ಎಂಬ ಸರಣಿಯಲ್ಲಿ (ನಿಜವಾದ ವಾಯೇಜರ್ ನೌಕೆಗೂ ಇದಕ್ಕೂ ಸಂಬಂಧವಿಲ್ಲ) ತಂಡವೊಂದು ಮನೆಯಿಂದ 70,000 ಜ್ಯೋತಿರ್ವರ್ಷ ದೂರಕ್ಕೆ ಎಸೆಯಲ್ಪಡುತ್ತದೆ. ಮರಳಲು 75 ವರ್ಷ ಬೇಕೆಂದು ಕಥೆ ಹೇಳುತ್ತದೆ. ಅಂದರೆ ಬೆಳಕಿನ 933 ಪಟ್ಟು ಸರಾಸರಿ ವೇಗ. ಬೇರೆ ಕಂತುಗಳಲ್ಲಿ ನೌಕೆಯ ವೇಗ ಇದಕ್ಕೆ ಹೊಂದುತ್ತದೆಯೇ? ಅಭಿಮಾನಿಗಳ ಎಷ್ಟೋ ಜಗಳಗಳು ಇಂಥ ಒಂದು ಭಾಗಾಕಾರದಿಂದಲೇ ಶುರುವಾಗುತ್ತವೆ. ಅಂದಹಾಗೆ, ನಮ್ಮ ಸಾಸಿವೆಯ ಅಳತೆಯಲ್ಲಿ 70,000 ಜ್ಯೋತಿರ್ವರ್ಷವೆಂದರೆ 6 ಲಕ್ಷ 60 ಸಾವಿರ ಕಿ.ಮೀ. ನಕಾಶೆ ನಿಜವಾದ ಚಂದ್ರನನ್ನೂ ದಾಟಿ ಹೋಯಿತು!

ವಾರ್ಪ್ ಸಾಧ್ಯವೇ? 1994ರಲ್ಲಿ ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಆಲ್ಕುಬಿಯೆರೆ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಚೌಕಟ್ಟಿನಲ್ಲೇ ಒಂದು ದಾರಿ ತೋರಿಸಿದರು. ನೌಕೆಯ ಮುಂದಿನ ದೇಶ-ಕಾಲ ಕುಗ್ಗಿ ಹಿಂದಿನದು ಹಿಗ್ಗಿದರೆ, ನೌಕೆ ತನ್ನ ಆವರಣದಲ್ಲಿ ಬೆಳಕನ್ನು ಮೀರದೆಯೇ ದೂರ ಕ್ರಮಿಸಬಹುದು. ಆದರೆ ಇದಕ್ಕೆ ಋಣಶಕ್ತಿ ಬೇಕು. ಅಷ್ಟು ಪ್ರಮಾಣದಲ್ಲಿ ಅದನ್ನು ಪಡೆಯುವ ಉಪಾಯ ಯಾರಿಗೂ ತಿಳಿದಿಲ್ಲ.

ಟ್ರಾನ್ಸ್‌ಪೋರ್ಟರ್ ಹುಟ್ಟಿದ ಕಾರಣ ಇನ್ನೂ ಸ್ವಾರಸ್ಯಕರ. ಪ್ರತಿ ವಾರ ನೌಕೆ ಗ್ರಹಕ್ಕಿಳಿಯುವ ದೃಶ್ಯ ಚಿತ್ರಿಸಲು ನಿರ್ಮಾಪಕರ ಬಳಿ ಹಣವಿರಲಿಲ್ಲ. ಮಿನುಗುತ್ತ ಮಾಯವಾಗುವುದು ಅಗ್ಗವಾಗಿತ್ತು. ಭೌತವಿಜ್ಞಾನದಲ್ಲಿ ಅದು ಅಗ್ಗವಲ್ಲ. ಮನುಷ್ಯನ ದೇಹದಲ್ಲಿ ಸುಮಾರು 7ರ ಮುಂದೆ 27 ಸೊನ್ನೆ ಬರೆದಷ್ಟು ಪರಮಾಣುಗಳಿವೆ. ಪ್ರತಿಯೊಂದರ ವಿವರಕ್ಕೆ ಬರೀ 100 ಬಿಟ್ ಸಾಕೆಂದುಕೊಂಡು, ಸೆಕೆಂಡಿಗೆ 100 ಕೋಟಿ ಬಿಟ್ ವೇಗದಲ್ಲಿ ರವಾನಿಸಿದರೂ 22 ಲಕ್ಷ ಕೋಟಿ ವರ್ಷ ಹಿಡಿಯುತ್ತದೆ. ಇದು ವಿಶ್ವದ ವಯಸ್ಸಿನ ಸುಮಾರು 1,600 ಪಟ್ಟು. ಮೇಲಾಗಿ, ಕಣದ ಸ್ಥಾನ ಮತ್ತು ಸಂವೇಗಗಳೆರಡನ್ನೂ ಏಕಕಾಲಕ್ಕೆ ನಿಖರವಾಗಿ ಅಳೆಯಲಾಗದು ಎನ್ನುತ್ತದೆ ಹೈಸೆನ್‌ಬರ್ಗ್‌ರ ಅನಿಶ್ಚಿತತಾ ತತ್ತ್ವ. ಈ ಆಕ್ಷೇಪಣೆಗೆ ಧಾರಾವಾಹಿಯವರು ‘ಹೈಸೆನ್‌ಬರ್ಗ್ ಕಾಂಪೆನ್ಸೇಟರ್’ ಎಂಬ ಉಪಕರಣವನ್ನೇ ಕಥೆಯಲ್ಲಿ ಸೇರಿಸಿಬಿಟ್ಟರು! 1997ರಲ್ಲಿ ಪ್ರಯೋಗಶಾಲೆಯಲ್ಲಿ ನಿಜಕ್ಕೂ ಸಾಧ್ಯವಾದದ್ದು ಬೆಳಕಿನ ಕಣದ ಸ್ಥಿತಿಯ ರವಾನೆ, ವಸ್ತುವಿನದಲ್ಲ.

ತಪ್ಪು ಯಾವುದು, ಕಲ್ಪನೆ ಯಾವುದು?

ಇಲ್ಲಿ ಶಿಕ್ಷಕರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಾರ್ಪ್ ಎಂಬುದು ಕಥೆ ಬೇಡಿ ಪಡೆದ ರಿಯಾಯಿತಿ. ಗಣಿತದ ಲೆಕ್ಕದಲ್ಲಿ ‘ಹೀಗಿದೆ ಎಂದುಕೊಳ್ಳಿ’ ಎನ್ನುವ ಹಾಗೆ. ಅದರಿಂದ ಮುಂದೆ ಏನಾಗುತ್ತದೆ ಎಂದು ತರ್ಕಿಸಬಹುದು. ಆದರೆ ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳಿಸುವುದು ರಿಯಾಯಿತಿಯಲ್ಲ, ತಪ್ಪು. ಶಬ್ದಕ್ಕೆ ಮಾಧ್ಯಮ ಬೇಕು.

‘ಇದೆಲ್ಲ ಸುಳ್ಳು, ನೋಡಬೇಡಿ’ ಎಂದು ಹೇಳಿಬಿಟ್ಟರೆ ವಿದ್ಯಾರ್ಥಿಯ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ‘ಎಲ್ಲವೂ ಮುಂದೊಂದು ದಿನ ಆಗಿಯೇ ತೀರುತ್ತದೆ’ ಎಂದರೂ ನಿಲ್ಲುತ್ತದೆ. ಇವೆರಡರ ನಡುವೆ ಇರುವುದು ಲೆಕ್ಕ. ಒಂದು ಕಂತನ್ನೋ ಕಥೆಯನ್ನೋ ಆರಿಸಿ ಮೂರು ಪಟ್ಟಿ ಮಾಡಿಸಿ: ಇಂದು ನಿಜವಾಗಿರುವುದು, ತಿಳಿದ ನಿಯಮಗಳಿಗೆ ವಿರೋಧವಿಲ್ಲದಿದ್ದರೂ ಸಾಧಿಸಲಾಗದ್ದು, ನಿಯಮಗಳಿಗೇ ವಿರುದ್ಧವಾದದ್ದು. ಯಾವ ವಸ್ತು ಯಾವ ಪಟ್ಟಿಗೆ ಸೇರಬೇಕೆಂದು ಮಕ್ಕಳು ಜಗಳವಾಡಲಿ. ಕಾರಣ ಕೊಟ್ಟವರ ಮಾತು ನಿಲ್ಲಲಿ.

ಇದು ಬರೀ ಮನರಂಜನೆಯ ಮಾತಲ್ಲ. ಭೂಮಿ ಕೆಟ್ಟರೆ ಬೇರೆ ನಕ್ಷತ್ರದ ಗ್ರಹಕ್ಕೆ ಹೋದರಾಯಿತು ಎಂಬ ಭಾವನೆ ಇಂಥ ಕಥೆಗಳಿಂದ ಸುಲಭವಾಗಿ ಮನಸ್ಸಿನಲ್ಲಿ ಕೂರುತ್ತದೆ. ಮನುಷ್ಯ ಈವರೆಗೆ ಹೋಗಿರುವ ಅತಿ ದೂರದ ತಾಣ ಚಂದ್ರನ ಆಸುಪಾಸು. ನಮ್ಮ ನಕಾಶೆಯಲ್ಲಿ ಅದು 0.4 ಮಿ.ಮೀ. ಮುಂದಿನ ನಕ್ಷತ್ರ ಅದರ ಹತ್ತು ಕೋಟಿ ಪಟ್ಟು ದೂರದಲ್ಲಿದೆ. ಲಕ್ಷ್ಮೇಶ್ವರದ ಬಸ್ಸು ಹತ್ತುವ ವಿದ್ಯಾರ್ಥಿ ಈ ಲೆಕ್ಕವನ್ನು ಒಮ್ಮೆ ತಾನೇ ಮಾಡಿದ್ದರೆ, ಎಂಟರ್‌ಪ್ರೈಸ್‌ನ ಪಯಣವನ್ನು ಇನ್ನಷ್ಟು ಬೆರಗಿನಿಂದ ನೋಡುತ್ತಾನೆ. ಆ ಕಣ್ಣಿಗೆ ಕಾಣದ ಧೂಳಿನ ಕಣವನ್ನು ಕಾಪಾಡಿಕೊಳ್ಳುವುದು ಏಕೆ ಅನಿವಾರ್ಯವೆಂಬುದೂ ಅವನಿಗೆ ತಿಳಿದಿರುತ್ತದೆ.